ನಿಮ್ಮ ಲೋಕಸಭಾ ಕ್ಷೇತ್ರದ ಇತಿಹಾಸ ನೀವೇ ಹುಡುಕಿ ಬರೆಯೋದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಕೈಪಿಡಿ

ಆಳಂದದ ರೈತರೊಬ್ಬರು ತಮ್ಮ ಸಂಸದರಿಗೆ ಅರ್ಜಿ ಕೊಡಬೇಕು ಅಂದುಕೊಳ್ಳಿ. ಯಾರಿಗೆ ಕೊಡಬೇಕು? ಕಲಬುರಗಿ ಸಂಸದರಿಗೆ ಅಂತ ಥಟ್ಟನೆ ಹೇಳಿಬಿಡುತ್ತೇವೆ. ಜಿಲ್ಲೆ ಕಲಬುರಗಿ, ಡಿಸಿ ಆಫೀಸು ಕಲಬುರಗಿ, ಹಾಗಾದರೆ ಸಂಸದರೂ ಅಲ್ಲಿನವರೇ ಅಲ್ವಾ? ಅಲ್ಲ. ಆಳಂದ ಸೇರಿರುವುದು ಬೀದರ್ ಲೋಕಸಭಾ ಕ್ಷೇತ್ರಕ್ಕೆ. ಚಿಂಚೋಳಿಯೂ ಅಷ್ಟೇ. ಸುರಪುರ, ಶಹಾಪುರ, ಯಾದಗಿರಿಯವರಿಗೆ ರಾಯಚೂರು ಕ್ಷೇತ್ರದ ಸಂಸದರು. ಅದೇ ಯಾದಗಿರಿ ಜಿಲ್ಲೆಯ ಗುರುಮಠಕಲ್ ಮಾತ್ರ ಕಲಬುರಗಿ ಕ್ಷೇತ್ರದಲ್ಲಿದೆ.

ಇದು ಸಣ್ಣ ವಿಷಯ ಅಲ್ಲ. ಒಬ್ಬ ಸಂಸದರಿಗೆ ಕ್ಷೇತ್ರಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ರೈಲು, ಹೆದ್ದಾರಿ, ಕೇಂದ್ರದ ಯೋಜನೆ ಅಂದರೆ ಸಂಸತ್ತಿನಲ್ಲಿ ಕೇಳಬೇಕಾದವರು ಅವರೇ. ತಪ್ಪು ಬಾಗಿಲು ಬಡಿದರೆ ಅರ್ಜಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತದೆ ಅಷ್ಟೇ. ಹಾಗಾಗಿ ನಮ್ಮ ಕ್ಷೇತ್ರ ಅಂದರೆ ಯಾವ ಊರುಗಳು, ಅದು ಹೇಗೆ ಈ ಆಕಾರಕ್ಕೆ ಬಂತು, ಯಾರು ಯಾರು ಗೆದ್ದರು, ಒಳಗೆ ಎಂಥ ಜನ ಇದ್ದಾರೆ, ಇದನ್ನೆಲ್ಲ ನಾವೇ ತೆಗೆದು ಬರೆದಿಟ್ಟುಕೊಳ್ಳಬೇಕು. ಅದನ್ನು ಮಾಡುವ ದಾರಿ ಇಲ್ಲಿದೆ. ಕಾಲೇಜು ಹುಡುಗರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಊರಲ್ಲಿ ಸಂಘ ಸಂಸ್ಥೆ ನಡೆಸುವವರಿಗೆ ಎಲ್ಲರಿಗೂ ಆಗುತ್ತದೆ.

ಮೊದಲು ಎಂಟು ಹೆಸರು ಬರೆದುಕೊಳ್ಳಿ

ಗೆದ್ದವರ ಪಟ್ಟಿಯಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ, ಆಮೇಲೆ ಗೊಂದಲ ಮಾಡಿಕೊಳ್ಳುತ್ತಾರೆ. ಮೊದಲು ಕ್ಷೇತ್ರದ ಗಡಿ ತಿಳಿಯಬೇಕು. ಕರ್ನಾಟಕದಲ್ಲಿ ಲೆಕ್ಕ ಬಹಳ ಸುಲಭ. 28 ಲೋಕಸಭಾ ಕ್ಷೇತ್ರ, 224 ವಿಧಾನಸಭಾ ಕ್ಷೇತ್ರ, ಅಂದರೆ ಒಂದೊಂದು ಲೋಕಸಭೆಗೆ ಸರಿಯಾಗಿ ಎಂಟೆಂಟು.

ಕಲಬುರಗಿ ಲೋಕಸಭಾ ಕ್ಷೇತ್ರ: ಅಫಜಲಪುರ, ಜೇವರ್ಗಿ, ಗುರುಮಠಕಲ್, ಚಿತ್ತಾಪುರ, ಸೇಡಂ, ಕಲಬುರಗಿ ಗ್ರಾಮೀಣ, ಕಲಬುರಗಿ ದಕ್ಷಿಣ, ಕಲಬುರಗಿ ಉತ್ತರ.

ಬೀದರ್ ಲೋಕಸಭಾ ಕ್ಷೇತ್ರ: ಚಿಂಚೋಳಿ, ಆಳಂದ, ಬಸವಕಲ್ಯಾಣ, ಹುಮನಾಬಾದ್, ಬೀದರ್ ದಕ್ಷಿಣ, ಬೀದರ್, ಭಾಲ್ಕಿ, ಔರಾದ್.

ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ನಮ್ಮ ಕಡೆಯಿಂದ ಹೋಗಿರುವವು ಮೂರು: ಸುರಪುರ, ಶಹಾಪುರ, ಯಾದಗಿರಿ.

ಕಲಬುರಗಿ ಜಿಲ್ಲೆಯ 9, ಯಾದಗಿರಿಯ 4, ಬೀದರಿನ 6, ಒಟ್ಟು 19 ವಿಧಾನಸಭಾ ಕ್ಷೇತ್ರಗಳು ಹೀಗೆ ಮೂರು ಕಡೆ ಹಂಚಿಹೋಗಿವೆ. ಈ ಪಟ್ಟಿಯ ಮೂಲ ಇರುವುದು 2008ರ ಕ್ಷೇತ್ರ ಮರುವಿಂಗಡಣೆ ಆದೇಶದಲ್ಲಿ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದ ಆದೇಶದಲ್ಲಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಅದರಲ್ಲಿ ಕರ್ನಾಟಕದ ಭಾಗ ತೆಗೆದು, ನಿಮ್ಮ ವಿಧಾನಸಭಾ ಕ್ಷೇತ್ರದ ಸಾಲು ಓದಿ. ಯಾವ ತಾಲೂಕಿನ ಯಾವ ಭಾಗ, ಯಾವ ಪಟ್ಟಣ ಅಂತ ಒಂದೊಂದಾಗಿ ಬರೆದಿರುತ್ತಾರೆ. ಅಭ್ಯಾಸಕ್ಕೆ ಬೇಕಾದರೆ ಕಡಗಂಚಿಯಿಂದ ಶುರು ಮಾಡಿ. ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರು, ಆಳಂದ ತಾಲೂಕಿನದು. ಅದು ಯಾವ ವಿಧಾನಸಭೆಗೆ, ಅಲ್ಲಿಂದ ಯಾವ ಲೋಕಸಭೆಗೆ ಬರುತ್ತದೆ ಅಂತ ನೀವೇ ಕಂಡುಹಿಡಿಯಿರಿ. ಇದೊಂದು ಮಾಡಿದರೆ ಆ ದಾಖಲೆ ಓದುವ ಕ್ರಮ ಕೈಗೆ ಹತ್ತುತ್ತದೆ.

ಒಂದು ಎಚ್ಚರಿಕೆ. 2018ರಲ್ಲಿ ನಮ್ಮ ಕಡೆ ಹೊಸ ತಾಲೂಕುಗಳು ಬಂದವು. ಕಲಬುರಗಿಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ. ಯಾದಗಿರಿಯಲ್ಲಿ ಗುರುಮಠಕಲ್, ವಡಗೇರಾ, ಹುಣಸಗಿ. ಬೀದರಿನಲ್ಲಿ ಚಿಟಗುಪ್ಪ, ಹುಲಸೂರ, ಕಮಲನಗರ. ಹೊಸ ತಾಲೂಕು ಆಯಿತು ಅಂತ ಕ್ಷೇತ್ರದ ಗಡಿ ಬದಲಾಗಿಲ್ಲ. 2008ರ ಆದೇಶದಲ್ಲಿ ಈ ತಾಲೂಕುಗಳ ಹೆಸರೇ ಇರುವುದಿಲ್ಲ, ಹಳೆ ತಾಲೂಕಿನ ಕೆಳಗೆ ಹುಡುಕಬೇಕು.

ಯಾದಗಿರಿ ಯಾಕೆ ಹೀಗೆ ಒಡೆದಿದೆ?

ಯಾದಗಿರಿಯವರು ಇದನ್ನು ನೋವಿನಿಂದ ಕೇಳುತ್ತಾರೆ. ಒಂದು ಜಿಲ್ಲೆ, ಇಬ್ಬರು ಸಂಸದರು, ಒಬ್ಬರ ಕ್ಷೇತ್ರಕ್ಕೂ ಜಿಲ್ಲೆಯ ಹೆಸರಿಲ್ಲ. ಕಾರಣ ತಿಳಿಯಬೇಕಾದರೆ ಎರಡು ದಿನಾಂಕ ಪಕ್ಕಪಕ್ಕ ಇಡಿ. ಮರುವಿಂಗಡಣೆ ಆದೇಶ 2008ರದು. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್ 30ಕ್ಕೆ. ಅಂದರೆ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಮರುವಿಂಗಡಣೆ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗೆರೆ ಎಳೆಯುವಾಗ ಅವರ ಮುಂದೆ ಯಾದಗಿರಿ ಅನ್ನೋ ಜಿಲ್ಲೆ ಇರಲೇ ಇಲ್ಲ. 13 ವಿಧಾನಸಭಾ ಕ್ಷೇತ್ರದ ಒಂದು ದೊಡ್ಡ ಗುಲ್ಬರ್ಗಾ ಜಿಲ್ಲೆ ಇತ್ತು. ಎಂಟಕ್ಕಿಂತ ಜಾಸ್ತಿ ಆದ ಐದರಲ್ಲಿ ಎರಡನ್ನು ಬೀದರಿಗೆ ಕೊಟ್ಟರು, ಮೂರನ್ನು ರಾಯಚೂರಿಗೆ ಕೊಟ್ಟರು. ಬೀದರಿಗೆ ಆರೇ ಇದ್ದವು, ಎರಡು ಬೇಕಿತ್ತು.

ಹಾಗಂತ ಯಾದಗಿರಿ ಹೆಸರಿನ ಲೋಕಸಭಾ ಕ್ಷೇತ್ರ ಎಂದೂ ಇರಲಿಲ್ಲ ಅಂತ ಬರೆಯಬೇಡಿ. ಮೊದಲ ಚುನಾವಣೆಯಲ್ಲಿ, ಹೈದರಾಬಾದ್ ರಾಜ್ಯದಲ್ಲಿದ್ದಾಗ, ಯಾದಗಿರಿ ಬೇರೆಯೇ ಕ್ಷೇತ್ರವಾಗಿತ್ತು. ಕೃಷ್ಣಾಚಾರ್ಯ ಜೋಶಿ ಅಲ್ಲಿಂದ ಗೆದ್ದಿದ್ದರು. ಯಾದಗಿರಿಯ ಎಷ್ಟೋ ಯುವಕರಿಗೆ ಇದು ಗೊತ್ತಿಲ್ಲ. ಗೊತ್ತಾಗಬೇಕು.

ಯಾವ ಹೆಸರಲ್ಲಿ ಹುಡುಕಬೇಕು

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಊರಿನ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ. ಆದರೆ ಚುನಾವಣಾ ಆಯೋಗದ ದಾಖಲೆಗಳಲ್ಲಿ ಲೋಕಸಭಾ ಕ್ಷೇತ್ರದ ಹೆಸರು 2024ರ ಫಲಿತಾಂಶದಲ್ಲೂ ಗುಲ್ಬರ್ಗಾ ಅಂತಲೇ ಇದೆ. ಕಲಬುರಗಿ ಅಂತ ಹುಡುಕಿ ಏನೂ ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ.

ರಾಜ್ಯದ ಹೆಸರೂ ಹಾಗೆಯೇ ಬದಲಾಗಿದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿದ ಮೇಲೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಆದ್ದರಿಂದ ಮೊದಲ ಚುನಾವಣೆಯ ಅಂಕಿ ಅಂಶಕ್ಕೆ ಹೈದರಾಬಾದ್ ರಾಜ್ಯದ ಪುಟ ತೆರೆಯಬೇಕು. ಆಗ ಆ ರಾಜ್ಯಕ್ಕೆ 25 ಲೋಕಸಭಾ ಸ್ಥಾನ ಇದ್ದವು. ಮತದಾನ 1951ರ ಕೊನೆಯಿಂದ 1952ರ ಶುರುವಿನವರೆಗೆ ನಡೆದದ್ದರಿಂದ ಆಯೋಗದ ವರದಿಯ ಮೇಲೆ 1951 ಅಂತ ಇರುತ್ತದೆ, ನಾವು ಮಾತಲ್ಲಿ 1952 ಅನ್ನುತ್ತೇವೆ. ಎರಡೂ ಒಂದೇ ಚುನಾವಣೆ. 1957ರಿಂದ 1971ರವರೆಗಿನ ನಾಲ್ಕು ಚುನಾವಣೆಗೆ ಮೈಸೂರು ರಾಜ್ಯ ಅಂತ ನೋಡಿ. 1973ರಲ್ಲಿ ಹೆಸರು ಬದಲಾದ ಕಾರಣ 1977ರಿಂದ ಕರ್ನಾಟಕ.

1956ರ ನವೆಂಬರ್ 1 ನಮ್ಮ ಕಡೆಯ ನಕ್ಷೆಯನ್ನೇ ಬದಲಿಸಿದ ದಿನ. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹ್ಮದಪುರ ಮರಾಠಿ ಕಡೆಗೆ ಹೋದವು. ಆದ್ದರಿಂದ 1952ರ ಗುಲ್ಬರ್ಗಾ ಕ್ಷೇತ್ರವನ್ನೂ 1957ರ ಗುಲ್ಬರ್ಗಾ ಕ್ಷೇತ್ರವನ್ನೂ ಹೆಸರು ಒಂದೇ ಅಂತ ಹೋಲಿಸಿ, ಮತ ಏರಿತು, ಇಳಿಯಿತು ಅಂತ ಬರೆದರೆ ಅದಕ್ಕೆ ಅರ್ಥ ಇರುವುದಿಲ್ಲ. ಪ್ರತಿ ಮರುವಿಂಗಡಣೆ ಆದಾಗಲೂ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ದಪ್ಪ ಗೆರೆ ಎಳೆಯಿರಿ. ಗೆರೆಯ ಆಚೆಗಿನ ಸಂಖ್ಯೆಯನ್ನು ಈಚೆಗಿನದರ ಜೊತೆ ಸುಮ್ನೆ ಹೋಲಿಸಬೇಡಿ. ನಮ್ಮ ಕಾಲಕ್ಕೆ ಅತಿ ಮುಖ್ಯವಾದ ಗೆರೆ 2008ರದು. ಕಮಲಾಪುರ, ಶಹಾಬಾದ್, ಹುಲಸೂರ ಅನ್ನೋ ವಿಧಾನಸಭಾ ಕ್ಷೇತ್ರಗಳು ಅಂದು ಮಾಯವಾದವು.

ಈಗ ಗೆದ್ದವರ ಪಟ್ಟಿ

ಗಡಿ ತಿಳಿದ ಮೇಲೆ ಇದು ಸುಲಭ. ಪ್ರತಿ ಚುನಾವಣೆಗೂ ಆಯೋಗದ ಅಂಕಿ ಅಂಶ ವರದಿ ಇದೆ. ಲೋಕಸಭೆಯ ವೆಬ್‌ಸೈಟಿನಲ್ಲಿ ಸದಸ್ಯರ ಪರಿಚಯ ಇದೆ. ಎರಡನ್ನೂ ತಾಳೆ ನೋಡಿ.

ಗುಲ್ಬರ್ಗಾದಿಂದ 1952ರಲ್ಲಿ ಗೆದ್ದವರು ಸ್ವಾಮಿ ರಮಾನಂದ ತೀರ್ಥರು. ನಿಜಾಮನ ವಿರುದ್ಧ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಿ ಹೋರಾಡಿದವರು. ಅವರೇ 1957ರಲ್ಲಿ ಔರಂಗಾಬಾದಿನಿಂದ ಗೆದ್ದರು. ಅದೇ 1957ರಲ್ಲಿ ಗುಲ್ಬರ್ಗಾ ದ್ವಿಸದಸ್ಯ ಕ್ಷೇತ್ರವಾಗಿತ್ತು. ಒಂದೇ ಕ್ಷೇತ್ರ, ಇಬ್ಬರು ಸಂಸದರು, ಅದರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು. ಮಹಾದೇವಪ್ಪ ರಾಂಪುರೆ ಮತ್ತು ಶಂಕರದೇವ ಇಬ್ಬರೂ ಗೆದ್ದರು. ಪಟ್ಟಿಯಲ್ಲಿ ಒಂದೇ ವರ್ಷಕ್ಕೆ ಎರಡು ಹೆಸರು ಕಂಡರೆ ಗಾಬರಿ ಬೇಡ. 1961ರ ಕಾನೂನು ಈ ಪದ್ಧತಿ ತೆಗೆದುಹಾಕಿತು. ರಾಂಪುರೆಯವರು 1962, 1967ರಲ್ಲೂ ಗೆದ್ದರು. ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜಿನ ಎಂ.ಆರ್. ಅಂದರೆ ಇವರೇ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದವರು. ದಿನಾ ಆ ಗೇಟಿನ ಮುಂದೆ ಆಟೋ ಹಿಡಿಯುವ ಹುಡುಗರಿಗೆ ಈ ಮಾತು ಯಾರಾದರೂ ಹೇಳಿದ್ದಾರಾ?

ಆಮೇಲೆ 1971ರಲ್ಲಿ ಧರ್ಮರಾವ್ ಅಫಜಲಪುರಕರ್, 1977ರಲ್ಲಿ ಸಿದ್ರಾಮ ರೆಡ್ಡಿ. 1980 ಸ್ವಲ್ಪ ನಿಂತು ನೋಡಬೇಕಾದ ವರ್ಷ. ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದವರು ಎನ್. ಧರ್ಮಸಿಂಗ್. ಆದರೆ ಅವರು ಸ್ಥಾನ ಬಿಟ್ಟುಕೊಟ್ಟರು. ನವದೆಹಲಿಯಲ್ಲಿ ವಾಜಪೇಯಿಯವರ ಎದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅದೇ ವರ್ಷ ಉಪಚುನಾವಣೆಯಲ್ಲಿ ಇಲ್ಲಿಂದ ಗೆದ್ದು ಲೋಕಸಭೆಗೆ ಹೋದರು. ಬರೀ ಸಾರ್ವತ್ರಿಕ ಚುನಾವಣೆಯ ವರದಿ ನೋಡಿದರೆ ಸ್ಟೀಫನ್ ಹೆಸರೇ ಬರುವುದಿಲ್ಲ. ಬರೀ ಸದಸ್ಯರ ಪಟ್ಟಿ ನೋಡಿದರೆ ಧರ್ಮಸಿಂಗ್ ತಪ್ಪಿಹೋಗಬಹುದು. ಉಪಚುನಾವಣೆಗಳನ್ನು ಬೇರೆಯಾಗಿ ಹುಡುಕಬೇಕು ಅನ್ನುವುದು ಇದಕ್ಕೇ.

1984ರಲ್ಲಿ ವೀರೇಂದ್ರ ಪಾಟೀಲ, 1989 ಮತ್ತು 1991ರಲ್ಲಿ ಬಿ.ಜಿ. ಜವಳಿ, 1996ರಲ್ಲಿ ಜನತಾದಳದ ಖಮರುಲ್ ಇಸ್ಲಾಂ, 1998ರಲ್ಲಿ ಬಿಜೆಪಿಯ ಬಸವರಾಜ ಪಾಟೀಲ ಸೇಡಂ, 1999 ಮತ್ತು 2004ರಲ್ಲಿ ಇಕ್ಬಾಲ್ ಅಹ್ಮದ್ ಸರಡಗಿ, 2009 ಮತ್ತು 2014ರಲ್ಲಿ ಮಲ್ಲಿಕಾರ್ಜುನ ಖರ್ಗೆ, 2019ರಲ್ಲಿ ಬಿಜೆಪಿಯ ಡಾ. ಉಮೇಶ ಜಾಧವ, 2024ರಲ್ಲಿ ಕಾಂಗ್ರೆಸ್ಸಿನ ರಾಧಾಕೃಷ್ಣ ದೊಡ್ಡಮನಿ. ಜಾಧವ ಅವರು ಅದಕ್ಕೆ ಮೊದಲು ಚಿಂಚೋಳಿ ಶಾಸಕರಾಗಿದ್ದರು. ಮೇಲಿನ ಎಂಟು ಹೆಸರು ಮತ್ತೊಮ್ಮೆ ನೋಡಿ: ಚಿಂಚೋಳಿ ಕಲಬುರಗಿ ಲೋಕಸಭೆಯಲ್ಲೇ ಇಲ್ಲ. ಮತದಾರರು ಇದನ್ನು ದೊಡ್ಡ ವಿಷಯ ಮಾಡಿಕೊಳ್ಳಲಿಲ್ಲ. ಜನರ ಮನಸ್ಸಿನಲ್ಲಿ ಹಳೆಯ ಜಿಲ್ಲೆಯ ಗುರುತು ಇನ್ನೂ ಗಟ್ಟಿ ಇದೆ ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಬೀದರಿನ ಪಟ್ಟಿ ಬೇರೆ ಥರ. 1952ರಲ್ಲಿ ಶೌಕತುಲ್ಲಾ ಶಾ ಅನ್ಸಾರಿ. 1962, 1967ರಲ್ಲಿ ಕಾಂಗ್ರೆಸ್ಸಿನಿಂದ ರಾಮಚಂದ್ರ ವೀರಪ್ಪ. 1971, 1977ರಲ್ಲಿ ಶಂಕರದೇವ, ಹೌದು, 1957ರಲ್ಲಿ ಗುಲ್ಬರ್ಗಾದಿಂದ ಗೆದ್ದ ಅದೇ ಶಂಕರದೇವ. 1980, 1984, 1989ರಲ್ಲಿ ನರಸಿಂಗರಾವ್ ಸೂರ್ಯವಂಶಿ. ಆಮೇಲೆ 1991ರಲ್ಲಿ ಮತ್ತೆ ರಾಮಚಂದ್ರ ವೀರಪ್ಪ, ಈ ಸಲ ಬಿಜೆಪಿಯಿಂದ, ಅಲ್ಲಿಂದ 2004ರವರೆಗೆ ಸತತ ಐದು ಗೆಲುವು. 1962ರಲ್ಲಿ ಗೆದ್ದವರು 2004ರಲ್ಲೂ ಗೆಲ್ಲುವುದು ಅಂದರೆ ಏನು ಯೋಚಿಸಿ. ಅದೇ ವರ್ಷ ಅವರು ತೀರಿಕೊಂಡ ಮೇಲೆ ಉಪಚುನಾವಣೆಯಲ್ಲಿ ಸೂರ್ಯವಂಶಿ ಮರಳಿ ಬಂದರು. 2009ರಲ್ಲಿ ಧರ್ಮಸಿಂಗ್, 2014 ಮತ್ತು 2019ರಲ್ಲಿ ಭಗವಂತ ಖೂಬಾ, 2024ರಲ್ಲಿ ಸಾಗರ ಖಂಡ್ರೆ.

ಮೀಸಲು ಬದಲಾದಾಗ ಏನಾಯಿತು?

ಎರಡೂ ಪಟ್ಟಿಯಲ್ಲಿ 2009ನ್ನು ಮತ್ತೊಮ್ಮೆ ನೋಡಿ. ಗುಲ್ಬರ್ಗಾದಲ್ಲಿ ಖರ್ಗೆ, ಬೀದರಿನಲ್ಲಿ ಧರ್ಮಸಿಂಗ್. ಇಬ್ಬರೂ ಆ ಹೊತ್ತಿಗೆ ದಶಕಗಟ್ಟಲೆ ವಿಧಾನಸಭೆಯಲ್ಲಿದ್ದವರು. ಇಬ್ಬರೂ ಒಂದೇ ಸಲ ದೆಹಲಿ ಕಡೆ ಹೊರಟದ್ದರ ಹಿಂದೆ ಮರುವಿಂಗಡಣೆ ಇದೆ.

ಬೀದರ್ 1962ರಿಂದಲೂ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, 2008ರ ಆದೇಶದಲ್ಲಿ ಸಾಮಾನ್ಯವಾಯಿತು. ಗುಲ್ಬರ್ಗಾ ಸಾಮಾನ್ಯವಾಗಿತ್ತು, ಪರಿಶಿಷ್ಟ ಜಾತಿಗೆ ಮೀಸಲಾಯಿತು. ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ವಿಧಾನಸಭೆಯಲ್ಲೂ ಹೀಗೆಯೇ ಅದಲು ಬದಲು. ಖರ್ಗೆಯವರು 1972ರಿಂದ ಗೆಲ್ಲುತ್ತಾ ಬಂದಿದ್ದ ಗುರುಮಠಕಲ್ ಮೀಸಲಿನಿಂದ ಹೊರಬಂತು, ಚಿತ್ತಾಪುರ ಮೀಸಲಾಯಿತು. ಅವರು 2008ರಲ್ಲಿ ಚಿತ್ತಾಪುರದಿಂದ ನಿಂತು ಗೆದ್ದರು. ಧರ್ಮಸಿಂಗ್ ಜೇವರ್ಗಿಯಲ್ಲಿ ಬರೀ 70 ಮತದಿಂದ ಸೋತರು. ಮರುವರ್ಷ ಒಬ್ಬರು ಮೀಸಲಾದ ಗುಲ್ಬರ್ಗಾಕ್ಕೆ, ಇನ್ನೊಬ್ಬರು ಸಾಮಾನ್ಯವಾದ ಬೀದರಿಗೆ. ಈ ಕಥೆಯನ್ನು ಬರೀ ವ್ಯಕ್ತಿಗಳ ಕಥೆ ಅಂತ ಹೇಳುತ್ತಾರೆ. ನಾನು ಮಾತ್ರ ಮೊದಲು ನಕ್ಷೆ ಬದಲಾಯಿತು, ಆಮೇಲೆ ನಾಯಕರು ಜಾಗ ಬದಲಿಸಿದರು ಅಂತಲೇ ಹೇಳುತ್ತೇನೆ.

ಮೀಸಲು ಯಾರು ನಿರ್ಧರಿಸುತ್ತಾರೆ, ಹೇಗೆ ಅಂತ ಬರೆಯುವಾಗ ನಿಯಮ ಸರಿಯಾಗಿ ಬರೆಯಿರಿ. ಪರಿಶಿಷ್ಟ ಪಂಗಡದ ಸ್ಥಾನಗಳನ್ನು ಅವರ ಜನಸಂಖ್ಯೆಯ ಪ್ರಮಾಣ ಅತಿ ಜಾಸ್ತಿ ಇರುವ ಕ್ಷೇತ್ರಗಳಿಗೆ ಕೊಡುತ್ತಾರೆ. ಪರಿಶಿಷ್ಟ ಜಾತಿಗೆ ಎರಡು ಮಾತು ಸೇರುತ್ತವೆ: ಪ್ರಮಾಣ ಜಾಸ್ತಿ ಇರಬೇಕು, ಜೊತೆಗೆ ಮೀಸಲು ಸ್ಥಾನಗಳು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಕೆಯಾಗಬೇಕು. ಈಗ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ 5, ಪರಿಶಿಷ್ಟ ಪಂಗಡಕ್ಕೆ 2 ಲೋಕಸಭಾ ಸ್ಥಾನ ಇವೆ. ಸ್ಥಾನ ಮೀಸಲಾದರೂ ಮತ ಹಾಕುವವರು ಎಲ್ಲರೂ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮೀಸಲು ಕ್ಷೇತ್ರ ಅಂದರೆ ಅಲ್ಲಿ ಆ ಸಮುದಾಯದವರೇ ಬಹುಮತ ಅಂತ ತಿಳಿದವರು ಇದ್ದಾರೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ 25,66,326 ಜನರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಕಾಲು ಭಾಗ.

ಒಳಗಿನ ಜನ: ಟಿವಿಯ ಪರ್ಸೆಂಟ್ ಬರೆದುಕೊಳ್ಳಬೇಡಿ

ಚುನಾವಣೆ ಬಂದರೆ ಸಾಕು, ಇಂಥ ಜಾತಿ ಇಷ್ಟು ಲಕ್ಷ, ಅಂಥ ಜಾತಿ ಇಷ್ಟು ಲಕ್ಷ ಅಂತ ಪಟ್ಟಿ ವಾಟ್ಸಾಪಿನಲ್ಲಿ ಹರಿದಾಡುತ್ತದೆ. ಅದನ್ನು ನಿಮ್ಮ ಬರಹಕ್ಕೆ ತರಬೇಡಿ. 1951ರಿಂದ 2011ರವರೆಗಿನ ಜನಗಣತಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಬೇರೆ ಜಾತಿಗಳ ಲೆಕ್ಕ ಪ್ರಕಟವಾಗಿಲ್ಲ. ಮತದಾರರ ಪಟ್ಟಿಯಲ್ಲಿ ಜಾತಿ ಬರೆಯುವುದೇ ಇಲ್ಲ. ಹಾಗಿರುವಾಗ ಆ ಲಕ್ಷಗಳೆಲ್ಲ ಅಂದಾಜು, ಪಕ್ಷಗಳು ತಮಗೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಹೇಳುವುದು. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಹೇಳಿದೆ. ಅದು ಬರುವವರೆಗೆ ಖಚಿತ ಸಂಖ್ಯೆ ಬರೆಯದೇ ಇರುವುದೇ ಪ್ರಾಮಾಣಿಕ ಕೆಲಸ.

ಸಂಖ್ಯೆ ಇಲ್ಲದೆಯೂ ಬಹಳ ಬರೆಯಬಹುದು. ಸೇಡಂ, ಗುರುಮಠಕಲ್, ಚಿಂಚೋಳಿಯ ಗಡಿ ಊರುಗಳಲ್ಲಿ ತೆಲುಗು ಕೇಳುತ್ತದೆ. ಔರಾದ್, ಭಾಲ್ಕಿ, ಬಸವಕಲ್ಯಾಣ, ಆಳಂದದ ಕಡೆ ಮರಾಠಿ. ಕಲಬುರಗಿ, ಬೀದರ್ ಪೇಟೆಗಳಲ್ಲಿ ಉರ್ದು, ಮತ್ತು ಎಲ್ಲ ಕಡೆ ನಮ್ಮ ಕನ್ನಡ. ಚಿಂಚೋಳಿ, ಚಿತ್ತಾಪುರ, ಔರಾದ್ ಸುತ್ತ ತಾಂಡಾಗಳು ತುಂಬಾ ಇವೆ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿದ್ದು, ಹೊಲೆಯ, ಮಾದಿಗ ಸಮುದಾಯಗಳ ಜೊತೆ ಲಂಬಾಣಿ, ಭೋವಿ, ಕೊರಮ, ಕೊರಚರೂ ಅದರೊಳಗೆ ಬರುತ್ತಾರೆ. ಹೊರಗಿನಿಂದ ಬಂದು ಬರೆಯುವವರು ಪರಿಶಿಷ್ಟ ಜಾತಿ ಅನ್ನೋ ಒಂದೇ ಶಬ್ದದಲ್ಲಿ ಎಲ್ಲರನ್ನೂ ಸೇರಿಸಿ, ಎಲ್ಲರ ಮತವೂ ಒಂದೇ ಕಡೆ ಅಂತ ಲೆಕ್ಕ ಹಾಕುತ್ತಾರೆ. ಹಾಗಿಲ್ಲ. ಲಿಂಗಾಯತರು, ಮುಸ್ಲಿಮರು, ಕೋಲಿ ಕಬ್ಬಲಿಗರು, ಕುರುಬರು, ಸುರಪುರ ಕಡೆಯ ನಾಯಕ ಸಮುದಾಯದವರು, ಇವರಲ್ಲಿ ಕಬ್ಬಲಿಗರ ಎಸ್‌ಟಿ (ಪರಿಶಿಷ್ಟ ಪಂಗಡ) ಬೇಡಿಕೆ ಪ್ರತಿ ಚುನಾವಣೆಯಲ್ಲೂ ಮೇಲೆ ಬರುತ್ತದೆ. ಇದನ್ನೆಲ್ಲ ಗೌರವದಿಂದ, ಅವರವರು ತಮ್ಮನ್ನು ಕರೆದುಕೊಳ್ಳುವ ಹೆಸರಿನಲ್ಲೇ ಬರೆಯಿರಿ.

ಕಸುಬನ್ನೂ ಬಿಡಬೇಡಿ. ತೊಗರಿ ಬೆಲೆ, ಭೀಮಾ ನದಿಯ ನೀರು, ಸೇಡಂ–ವಾಡಿ ಸಿಮೆಂಟ್ ಕಾರ್ಖಾನೆ, ಶಹಾಬಾದ್ ಕಲ್ಲು, ಬೀದರಿನ ಕಬ್ಬು. ಜೊತೆಗೆ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಸಾವಿರಾರು ಕುಟುಂಬಗಳು. ಅವರ ಹೆಸರು ಪಟ್ಟಿಯಲ್ಲಿ ಇರುತ್ತದೆ, ಮತದಾನದ ದಿನ ಅವರು ಊರಲ್ಲಿ ಇರುವುದಿಲ್ಲ. ನಮ್ಮ ಕಡೆ ಮತ ಕಡಿಮೆ ಬಿತ್ತು ಅಂದ ತಕ್ಷಣ ಜನರಿಗೆ ಆಸಕ್ತಿ ಇಲ್ಲ ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬೂತ್ ಲೆಕ್ಕ ನೋಡುವುದು

ಇದು ನನಗೆ ಬಹಳ ಇಷ್ಟದ ಭಾಗ. ಪ್ರತಿ ಚುನಾವಣೆಯ ನಂತರ ನಮೂನೆ 20 ಅಂತ ಒಂದು ಹಾಳೆ ತಯಾರಾಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಅಂತ ಅದರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ನೋಡಿ. ನಿಮ್ಮ ವೋಟರ್ ಸ್ಲಿಪ್ಪಿನಲ್ಲಿರುವ ಭಾಗ ಸಂಖ್ಯೆ ಹಿಡಿದು ನಿಮ್ಮ ಬೂತಿನಿಂದಲೇ ಶುರು ಮಾಡಿ. ಆದರೆ ಎರಡು ಚುನಾವಣೆ ಹೋಲಿಸುವಾಗ ಬೂತ್ ಸಂಖ್ಯೆಯಿಂದ ಹೋಲಿಸಬೇಡಿ. ಮತದಾರರು ಜಾಸ್ತಿ ಆದಂತೆ ಹೊಸ ಬೂತ್ ಸೇರಿ ಸಂಖ್ಯೆಗಳು ಸರಿದುಬಿಡುತ್ತವೆ. ಊರಿನ ಹೆಸರು, ಶಾಲೆಯ ಹೆಸರು ನೋಡಿ ಹೋಲಿಸಿ. ಅಂಚೆ ಮತಗಳು ಬೇರೆ ಸಾಲಿನಲ್ಲಿ ಇರುತ್ತವೆ, ಮರೆಯಬೇಡಿ.

ಶಾಸಕರನ್ನು ಕೂಡಿಸಿ ಸಂಸದರನ್ನು ಊಹಿಸುವ ಚಟ ನಮ್ಮಲ್ಲಿ ಜಾಸ್ತಿ. ಅದು ಎಷ್ಟು ತಪ್ಪು ಅಂತ ನೋಡಿ. 2023ರಲ್ಲಿ ಕಲಬುರಗಿ ಲೋಕಸಭೆಯ ಎಂಟರಲ್ಲಿ ಆರು ಕಡೆ ಕಾಂಗ್ರೆಸ್ ಶಾಸಕರು ಗೆದ್ದರು, ಕಲಬುರಗಿ ಗ್ರಾಮೀಣ ಬಿಜೆಪಿಗೆ, ಗುರುಮಠಕಲ್ ಜೆಡಿಎಸ್‌ಗೆ. ಮರುವರ್ಷ ಲೋಕಸಭೆಯಲ್ಲಿ ಕಾಂಗ್ರೆಸ್ ಗೆದ್ದ ಅಂತರ 27,205 ಮಾತ್ರ. ಬೀದರಿನಲ್ಲಿ ಉಲ್ಟಾ. 2023ರಲ್ಲಿ ಎಂಟರಲ್ಲಿ ಐದು ಬಿಜೆಪಿ, ಮೂರು ಕಾಂಗ್ರೆಸ್. ಆದರೆ 2024ರಲ್ಲಿ ಕಾಂಗ್ರೆಸ್ ಅಲ್ಲಿ 1,28,875 ಮತಗಳಿಂದ ಗೆದ್ದಿತು. ಯಾಕೆ ಹೀಗೆ ಅಂತ ನಿಮ್ಮ ಉತ್ತರ ಬರೆಯುವ ಮೊದಲು ಎಂಟೂ ವಿಧಾನಸಭೆಯ ಲೆಕ್ಕ ಬೇರೆ ಬೇರೆ ಇಟ್ಟು, ಎಲ್ಲಿ ಮುನ್ನಡೆ ಬಂತು, ಎಲ್ಲಿ ಹೋಯಿತು ಅಂತ ನೋಡಿ.

ಇನ್ನೊಂದು ಚಿಕ್ಕ ವಿಷಯ: 1989ರಲ್ಲಿ ಮತದಾರರ ಸಂಖ್ಯೆ ಏಕದಮ್ ಹೆಚ್ಚಿದ್ದು ಕಂಡರೆ ಜನಸಂಖ್ಯೆ ಒಮ್ಮೆಗೇ ಏರಿತು ಅಂದುಕೊಳ್ಳಬೇಡಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆ ಅದು.

ಹಿರಿಯರ ಹತ್ತಿರ ಕೂರುವಾಗ

ಕಾಗದದಲ್ಲಿ ಇಲ್ಲದ್ದು ಅಜ್ಜ ಅಜ್ಜಿಯರ ಹತ್ತಿರ ಇರುತ್ತದೆ. ಆದರೆ ಅಜ್ಜಾರೇ, ಯಾವ ವರ್ಷ ಅಂತ ಕೇಳಿದರೆ ಸಿಗುವುದಿಲ್ಲ. ಗುರುತು ಯಾವುದಿತ್ತು ಅಂತ ಕೇಳಿ. ಚಿಹ್ನೆ ಎಲ್ಲರಿಗೂ ನೆನಪಿರುತ್ತದೆ. ಜೋಡೆತ್ತಿಗೆ ಹಾಕಿದ್ದೆ ಅಂದರೆ 1967 ಅಥವಾ ಅದಕ್ಕೂ ಹಿಂದಿನ ಕಾಂಗ್ರೆಸ್. ಆಕಳು ಕರು ಅಂದರೆ 1971 ಅಥವಾ 1977ರ ಇಂದಿರಾ ಕಾಂಗ್ರೆಸ್. ಕೈ ಅಂದರೆ 1978ರ ನಂತರ. ದೀಪ ಅಂದರೆ ಜನಸಂಘ. ಚಕ್ರ ಅಂದರೆ ಜನತಾದಳ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಡಬ್ಬಿ ಇಟ್ಟಿದ್ದರು ಅಂತ ಯಾರಾದರೂ ಹೇಳಿದರೆ ಅದು 1952 ಅಥವಾ 1957ರ ನೆನಪು, ಅಂಥವರ ಮಾತು ಕೂಡಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡು. ಅವರು ಹೇಳಿದ ಗೆಲುವು ಸೋಲನ್ನು ವರದಿಯ ಜೊತೆ ತಾಳೆ ನೋಡಿ, ತಾಳೆ ಆಗದಿದ್ದರೂ ಅವರ ಮಾತನ್ನು ಹೊಡೆದು ಹಾಕಬೇಡಿ. ಎಷ್ಟೋ ಸಲ ಅವರು ವಿಧಾನಸಭೆ ಚುನಾವಣೆಯ ಮಾತು ಹೇಳುತ್ತಿರುತ್ತಾರೆ.

ಈ ಕೆಲಸ ಈಗಲೇ ಯಾಕೆ?

ಸ್ಥಾನಗಳ ಸಂಖ್ಯೆ 1976ರಿಂದ ಹೆಪ್ಪುಗಟ್ಟಿದೆ. 2002ರ ಸಂವಿಧಾನ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಡುವ 2023ರ ಕಾನೂನೂ ಮರುವಿಂಗಡಣೆಗೆ ಗಂಟು ಹಾಕಿಕೊಂಡಿದೆ. ಅಂದರೆ ಗೆರೆಗಳು ಮತ್ತೆ ಎಳೆಯಲ್ಪಡುತ್ತವೆ.

ಕಳೆದ ಸಲ ಹೇಗೆ ನಡೆಯಿತು ತಿಳಿದಿಟ್ಟುಕೊಳ್ಳಿ. ಮರುವಿಂಗಡಣೆ ಆಯೋಗಕ್ಕೆ ಸಹಾಯ ಮಾಡಲು ಪ್ರತಿ ರಾಜ್ಯದಿಂದ ಸಂಸದರು, ಶಾಸಕರು ಸಹ ಸದಸ್ಯರಾಗಿ ಇದ್ದರು, ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ. ಕರಡು ಪ್ರಕಟಿಸಿ, ಜನರಿಂದ ಆಕ್ಷೇಪಣೆ ತೆಗೆದುಕೊಂಡು, ಬಹಿರಂಗ ಸಭೆ ನಡೆಸಿದರು. ಅಂತಿಮ ಆದೇಶ ಬಂದ ಮೇಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ. ಅಂದರೆ ನಾವು ಬಾಯಿ ಬಿಡಬೇಕಾದ ಹೊತ್ತು ಕರಡು ಬಂದಾಗಿನ ಆ ಕೆಲವೇ ವಾರಗಳು.

ಆಕ್ಷೇಪಣೆ ಬರೆಯುವಾಗ ನಮ್ಮ ಜಿಲ್ಲೆಗೆ ಅನ್ಯಾಯವಾಗಿದೆ ಅಂತ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಈ ಹೋಬಳಿ ಈ ತಾಲೂಕಿನದು, ಜನಸಂಖ್ಯೆ ಇಷ್ಟು, ಜನ ದಿನಾ ಹೋಗುವ ಸಂತೆ, ಆಸ್ಪತ್ರೆ, ತಹಸೀಲ್ ಕಚೇರಿ ಇಂಥ ಕಡೆ ಇವೆ, 1952ರಲ್ಲಿ ಹೀಗಿತ್ತು, 2008ರಲ್ಲಿ ಹೀಗಾಯಿತು, ಆದ್ದರಿಂದ ಇದನ್ನು ಇಂಥ ಕ್ಷೇತ್ರಕ್ಕೆ ಸೇರಿಸಿ, ಅದರ ಬದಲು ಇಂಥ ಹೋಬಳಿಯನ್ನು ಅಲ್ಲಿಗೆ ಬಿಡಿ ಅಂತ ಬರೆಯಬೇಕು. ಒಂದು ಕಡೆ ಸೇರಿಸಿದರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ, ಅದರ ಲೆಕ್ಕವನ್ನೂ ನೀವೇ ಹಾಕಿ ಕೊಡಿ. ಯಾದಗಿರಿಯವರು ನಾಲ್ಕೂ ವಿಧಾನಸಭೆ ಒಂದೇ ಲೋಕಸಭೆಯಲ್ಲಿ ಇರಲಿ ಅಂತ ಕೇಳುವುದಾದರೆ, ಗುರುಮಠಕಲ್ ಹೋದ ಮೇಲೆ ಕಲಬುರಗಿಗೆ ಆಳಂದ ಅಥವಾ ಚಿಂಚೋಳಿ ಬರಬೇಕಾಗುತ್ತದೆ, ಆಗ ಬೀದರಿಗೆ ಒಂದು ಕಡಿಮೆ ಬೀಳುತ್ತದೆ. ಆ ಮೂರೂ ಊರಿನವರು ಮೊದಲೇ ಕೂತು ಮಾತಾಡಿ, ಒಂದೇ ಅರ್ಜಿಗೆ ಸಹಿ ಹಾಕಿ ಕೊಡುವಂತಾಗಬೇಕು.